ಪಟಾಲಮ್ಮನ ಎಣಿಕೆ

ರಾಮಾಂಜಿನಪ್ಪನ ಕಾಲು ನಿಂತ ಮೇಲೆ ಪಟಾಲಮ್ಮನಿಗೆ ಬೀಳುತ್ತಿದ್ದ ಏಟು ನಿಂತಿತು. ಇದನ್ನು ಅವಳು ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ. ಗಂಡನಿಗೆ ಪಾರ್ಕಿನ್ಸನ್ ಬಂದದ್ದು ಒಳ್ಳೆಯದೇ ಆಯಿತು ಎಂದು ಯಾವ ಹೆಂಗಸು ಹೊರಗೆ ಹೇಳಿಕೊಂಡಾಳು? ನೆಂಟರು ಬಂದು ಲೊಚಗುಟ್ಟಿದಾಗ ಅವಳೂ ಸೆರಗನ್ನು ಬಾಯಿಗೆ ಹಿಡಿದು ಲೊಚಗುಟ್ಟುತ್ತಿದ್ದಳು. ಅವರು ಗೇಟು ದಾಟಿದ ಮೇಲೆ ಹಿತ್ತಲಿನ ಕಲ್ಲಿನ ಮೇಲೆ ಕುಳಿತು ಹೊಟ್ಟೆ ತುಂಬ ಉಣ್ಣುತ್ತಿದ್ದಳು.

ಅವನು ಹೊಡೆದದ್ದು ಒಂದೆರಡು ವರ್ಷವಲ್ಲ, ಮೂವತ್ತೇಳು ವರ್ಷ. ಕೆ.ಆರ್. ಪುರದ ಹಳೇ ಊರಿನಲ್ಲಿ ಅವರದು ಹೆಸರಿದ್ದ ಮನೆತನ. ಕೆರೆಯ ಕೆಳಗಿನ ಹೊಲ ಬಡಾವಣೆಯಾಯಿತು, ರಾಗಿ ಬೆಳೆದ ಜಾಗದಲ್ಲಿ ನಾಲ್ಕಂತಸ್ತಿನ ಮನೆಗಳೆದ್ದವು, ರಾಮಾಂಜಿನಪ್ಪ ವಿಮಾನಪುರದ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ ಮುಗಿಸಿ ನಿವೃತ್ತನೂ ಆದ. ಇಷ್ಟೆಲ್ಲ ಬದಲಾದರೂ ಅವನ ಕೈ ಬದಲಾಗಲಿಲ್ಲ. ಮುದ್ದೆ ಕೋಲಿನಲ್ಲಿ ಹೊಡೆದ, ಬೆಲ್ಟಿನಲ್ಲಿ ಹೊಡೆದ, ಕುಕ್ಕರಿನ ಮುಚ್ಚಳದಲ್ಲಿ ಹೊಡೆದ, ಒಮ್ಮೆ ಮಗನ ಕ್ರಿಕೆಟ್ ಬ್ಯಾಟು ಮುರಿಯುವವರೆಗೆ ಹೊಡೆದ. ಅವಳ ಎಡಗೈಯ ಎರಡು ಬೆರಳು ಮಡಚುವುದಿಲ್ಲ. ಎಡಗಿವಿ ಕೇಳಿಸುವುದಿಲ್ಲ. ಅವನು ಹೆಂಡ ಮುಟ್ಟಿದವನಲ್ಲ. ಕುಡಿದಿದ್ದ, ಅದಕ್ಕೇ ಹೊಡೆದ ಎಂಬ ಸಮಾಧಾನವನ್ನೂ ಪುಣ್ಯಾತ್ಮ ಅವಳಿಗೆ ಉಳಿಸಿರಲಿಲ್ಲ.

ಏಳು ವರ್ಷದ ಹಿಂದೆ ಅವನ ಬಲಗೈ ನಡುಗತೊಡಗಿತು. ನಡುಗುವ ಕೈಯಲ್ಲೇ ಹೊಡೆದ. ಏಟು ಗುರಿ ಇಟ್ಟ ಕಡೆ ಬೀಳದೆ ಅಲ್ಲಿ ಇಲ್ಲಿ ಬೀಳತೊಡಗಿತು, ಅಷ್ಟೇ ವ್ಯತ್ಯಾಸ. ಆಮೇಲೆ ಕಾಲು ಕೈಕೊಟ್ಟಿತು. ಮೂರು ವರ್ಷದ ಹಿಂದಿನ ಒಂದು ಬೆಳಗ್ಗೆ, ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅವನು ಮುದ್ದೆ ಕೋಲು ಹಿಡಿದು ಎದ್ದ. ಪಟಾಲಮ್ಮ ಹಿಂಬಾಗಿಲು ದಾಟಿ ಹಿತ್ತಲಿಗೆ ಓಡಿ, ತಲೆಯನ್ನು ಎರಡು ಕೈಯಿಂದ ಮುಚ್ಚಿಕೊಂಡು ಏಟಿಗೆ ಕಾದಳು. ಏಟು ಬರಲಿಲ್ಲ. ತಿರುಗಿ ನೋಡಿದರೆ ಗಂಡ ಹೊಸ್ತಿಲ ಆಚೆ, ಕೋಲು ಎತ್ತಿದ ಕೈ ಎತ್ತಿದಂತೆಯೇ ನಿಂತುಬಿಟ್ಟಿದ್ದಾನೆ. ಮೈ ಮುಂದಕ್ಕೆ ಬಾಗಿದೆ, ಪಾದ ಮಾತ್ರ ನೆಲ ಕಚ್ಚಿದೆ. ಬೈಯುತ್ತಿದ್ದಾನೆ, ಬೆವರುತ್ತಿದ್ದಾನೆ, ಮೂರು ಅಂಗುಲದ ಹೊಸ್ತಿಲನ್ನು ದಾಟಲಾರ. ಕೊನೆಗೆ ಕೋಲನ್ನೇ ಎಸೆದ. ಅದು ತುಳಸಿಕಟ್ಟೆಗೆ ಬಡಿದು ಬಿತ್ತು. ಪಟಾಲಮ್ಮ ಅದನ್ನು ಎತ್ತಿಕೊಂಡು, ನಲ್ಲಿಯ ಕೆಳಗೆ ತೊಳೆದು, ಅವನ ಪಕ್ಕದಿಂದಲೇ ಒಳಗೆ ಹೋಗಿ ಮುದ್ದೆ ತಿರುವಿದಳು.

ಅಂದಿನಿಂದ ಅವಳು ಒಂದು ಹೊಸ್ತಿಲ ದೂರದಲ್ಲಿ ಬದುಕಿದಳು. ಊಟದ ತಟ್ಟೆಯನ್ನು ಉದ್ದ ಕೈ ಮಾಡಿ ಇಟ್ಟಳು. ಸ್ನಾನಕ್ಕೆ ಮಗನನ್ನು ಕರೆದಳು. ಲೋಟ ಹಾರಿ ಬರುತ್ತಿತ್ತು, ತಪ್ಪಿಸಿಕೊಳ್ಳಲು ಬರುತ್ತಿತ್ತು. ಮೂರು ವರ್ಷದಲ್ಲಿ ಅವಳು ಆರು ಕೇಜಿ ದಪ್ಪಗಾದಳು. ಪಕ್ಕದ ಮನೆಯವರು ನಿನ್ನ ಮುಖಕ್ಕೆ ಕಳೆ ಬಂದಿದೆ ಎಂದರು. ಬಂದಿತ್ತು ನಿಜ.

ಆ ಕಳೆಗೆ ಕಲ್ಲು ಹಾಕಿದ್ದು ಹೆತ್ತ ಮಗ. ಶ್ರೀನಾಥ ಹೆಂಡತಿ ಮಕ್ಕಳೊಂದಿಗೆ ಅದೇ ಮನೆಯ ಮಹಡಿಯ ಮೇಲಿದ್ದ, ರಾಮಮೂರ್ತಿನಗರದಲ್ಲಿ ಪೈಪು ನಲ್ಲಿಗಳ ಅಂಗಡಿ ಇಟ್ಟಿದ್ದ. ಹುಡುಗನಾಗಿದ್ದಾಗ ಅಪ್ಪನ ಕೈ ಹಿಡಿಯಲು ಹೋಗಿ ತಾನೂ ಏಟು ತಿಂದವನು. ದೊಡ್ಡವನಾದ ಮೇಲೆ ಬೇರೆ ದಾರಿ ಕಲಿತ. ಕೆಳಗೆ ಸದ್ದಾದರೆ ಮೇಲೆ ಟೀವಿಯ ಸದ್ದು ಜಾಸ್ತಿಯಾಗುತ್ತಿತ್ತು. ಈ ದೀಪಾವಳಿಗೆ ಮುಂಚೆ ರಾಮಾಂಜಿನಪ್ಪ ಬಚ್ಚಲ ಬಾಗಿಲಲ್ಲಿ ಕಾಲು ಕಚ್ಚಿಕೊಂಡು ಮುಖ ಅಡಿಯಾಗಿ ಬಿದ್ದು ಹಣೆಗೆ ಒಂಬತ್ತು ಹೊಲಿಗೆ ಬಿದ್ದಾಗ, ಶ್ರೀನಾಥ ವಿಚಾರಿಸಿ ಅಪ್ಪನನ್ನು ಹಲಸೂರಿನ ಒಂದು ಚಿಕಿತ್ಸಾ ಕೇಂದ್ರಕ್ಕೆ ಸೇರಿಸಿದ. ಹೊಸ ಚಿಕಿತ್ಸೆಯಂತೆ, ಇನ್ನೂ ಪರೀಕ್ಷೆಯ ಹಂತದಲ್ಲಿದೆಯಂತೆ, ಆರು ವಾರವಂತೆ. ಅಪ್ಪ ನಡೆದಾಡಿದರೆ ನಿನಗೇ ಹಗುರ ಅಲ್ಲವೇನಮ್ಮ ಎಂದ. ಪಟಾಲಮ್ಮ ಹೂಂ ಎಂದಳು. ಇನ್ನೇನು ಹೇಳಿಯಾಳು?

ಅಲ್ಲಿ ಇದ್ದವಳು ಮೆಹರುನ್ನೀಸಾ. ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಫಿಸಿಯೋಥೆರಪಿಸ್ಟು, ಮೂವತ್ತು ದಾಟಿರದ ಹೆಣ್ಣು, ಕೆಲಸದಲ್ಲಿ ಕಟ್ಟುನಿಟ್ಟು. ಬೆಂಕಿಪೊಟ್ಟಣದಷ್ಟು ಯಂತ್ರ, ಅದರಿಂದ ಹೊರಟ ತಂತಿ, ತಂತಿಯ ತುದಿಗೆ ಒಂದು ಕ್ಲಿಪ್ಪು. ಅದನ್ನು ರಾಮಾಂಜಿನಪ್ಪನ ಎಡಗಿವಿಗೆ ಸಿಕ್ಕಿಸಿ ಗುಂಡಿ ತಿರುಗಿಸಿದಳು. ಇರುವೆ ಹರಿದ ಹಾಗಾಗುತ್ತದೆ ಎಂದ ಅವನು. ಕಿವಿಯ ಹತ್ತಿರ ಒಂದು ನರವಿದೆ, ಅದು ಕತ್ತಿನೊಳಗಿಂದ ಮಿದುಳಿಗೆ ಸುದ್ದಿ ಒಯ್ಯುತ್ತದೆ ಎಂದು ಅವಳು ವಿವರಿಸಿದಳು. ಪಟಾಲಮ್ಮನ ಕಣ್ಣು ಗಂಡನ ಎಡಗಿವಿಯ ಮೇಲೇ ಇತ್ತು. ಇವನ ಎಡಗಿವಿಗೆ ಎಷ್ಟು ಉಪಚಾರ ಎಂದುಕೊಂಡಳು.

"ಕರೆಂಟ್ ಕಾಲನ್ನ ನಡೆಸಲ್ಲ ಅಮ್ಮಾ," ಎಂದಳು ಮೆಹರುನ್ನೀಸಾ. "ತಲೆನ ಸ್ವಲ್ಪ ಎಬ್ಬಿಸುತ್ತೆ, ಅಷ್ಟೇ. ಅದು ಎದ್ದಿರೋವಾಗ್ಲೇ ನಾವು ನಡೆಯೋದು ಕಲಿಸ್ಬೇಕು. ಎರಡೂ ಒಟ್ಟಿಗೆ ಆಗ್ಬೇಕು. ಇಲ್ಲಿ ವಾರಕ್ಕೆ ಮೂರ್ ದಿನ, ಮನೇಲಿ ದಿನಾ ನೀವೇ ಮಾಡಿಸ್ಬೇಕು."

ನೆಲದ ಮೇಲೆ ಹಳದಿ ಪಟ್ಟಿ ಅಂಟಿಸಿದ್ದರು, ದಾಟುತ್ತಾ ಹೋಗಬೇಕು. ತಾಳಕ್ಕೆ ಟಿಕ್ ಟಿಕ್ ಎನ್ನುವ ಯಂತ್ರವಿತ್ತು. ರಾಮಾಂಜಿನಪ್ಪನ ಕಾಲು ಎರಡಕ್ಕೂ ಸೊಪ್ಪು ಹಾಕಲಿಲ್ಲ. ಮೆಹರುನ್ನೀಸಾ ಒನ್ ಟೂ ಎಂದು ಚಪ್ಪಾಳೆ ತಟ್ಟಿದರೆ ಅವನಿಗೆ ರೇಗುತ್ತಿತ್ತು. ಮೊದಲ ವಾರ ಹೀಗೇ ಹೋಯಿತು. ಪಟಾಲಮ್ಮ ಮೂಲೆಯ ಕುರ್ಚಿಯಲ್ಲಿ ಕುಳಿತು, ಆಗದಿರಲಪ್ಪಾ ದೇವರೇ ಎಂದು ನೇರವಾಗಿ ಕೇಳಿಕೊಂಡಳು.

ಎರಡನೆಯ ವಾರ ಅವಳೇ ಅದನ್ನು ಕೆಡಿಸಿಕೊಂಡಳು. ಅಂದು ಒಳಗಿನಿಂದ ಹೊರಗೆ ಬರುವಾಗ ಬಾಗಿಲಲ್ಲಿ ರಾಮಾಂಜಿನಪ್ಪನ ಕಾಲು ಕಚ್ಚಿಕೊಂಡಿತು. ಹಿಂದೆ ಗಾಲಿ ಕುರ್ಚಿಯವರು ಕಾಯುತ್ತಿದ್ದಾರೆ, ಮುಂದೆ ಹತ್ತು ಜನ ನೋಡುತ್ತಿದ್ದಾರೆ, ಮಗ ರಟ್ಟೆ ಹಿಡಿದು ಎಳೆಯುತ್ತಿದ್ದಾನೆ, ಎಳೆದಷ್ಟೂ ಕಾಲು ಬಿಗಿಯುತ್ತಿದೆ. ಪಟಾಲಮ್ಮನಿಗೆ ನಾಚಿಕೆಯಾಯಿತು. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಬಾಯಿಂದ ಹೊರಟಿತು: "ಲಾಭ... ಎರಡು... ಮೂರು..." ರಾಮಾಂಜಿನಪ್ಪನ ಬಲಗಾಲು ಎದ್ದಿತು. ನಾಲ್ಕು, ಐದು ಎಂದಳು. ಅವನು ಬಾಗಿಲು ದಾಟಿ ಪಡಸಾಲೆಯ ಆ ತುದಿಯವರೆಗೆ ನಡೆದ.

ಕಣದಲ್ಲಿ ರಾಗಿ ಅಳೆಯುವಾಗ ಅವರ ಕಡೆ ಮೊದಲ ಬಳ್ಳಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಆಮೇಲೆ ಎರಡು, ಮೂರು. ಪಟಾಲಮ್ಮ ಮದುವೆಯಾಗಿ ಬಂದ ವರ್ಷ ಸುಗ್ಗಿ ಜೋರಾಗಿತ್ತು. ರಾಮಾಂಜಿನಪ್ಪ ಬಳ್ಳ ತುಂಬಿ ತುಂಬಿ ಚೀಲಕ್ಕೆ ಸುರಿಯುತ್ತಿದ್ದ, ಆದರೆ ಐದಾರರ ಮೇಲೆ ಅವನಿಗೆ ಎಣಿಕೆ ನಿಲ್ಲುತ್ತಿರಲಿಲ್ಲ. ಮಾವ ನಾಲ್ಕು ಸಲ ಬೈದು, ಏಳನೇ ಕ್ಲಾಸು ಓದಿದ್ದ ಹೊಸ ಸೊಸೆಯನ್ನು ಎಣಿಸಲು ನಿಲ್ಲಿಸಿದರು. ಅವಳು ಎಣಿಸಿದಳು, ಅವನು ಅಳೆದ. ಅವಳ ಬಾಯಿಗೂ ಅವನ ಕೈಗೂ ಒಂದೇ ಲಯ ಬಂದುಬಿಟ್ಟಿತು. ಅಂದು ಅವಳಿಗೆ ಗಂಡನ ಮೇಲೆ ಎಲ್ಲಿಲ್ಲದ ಪ್ರೀತಿ ಬಂದಿತ್ತು. ಕಣದಲ್ಲಿದ್ದ ಗಂಡಸರು ನಕ್ಕರು, ರಾಮಾಂಜಿನಿ ಹೆಂಡ್ತಿ ಎಣಿಸಿದಂಗೆ ಕುಣೀತಾನೆ ಎಂದರು. ಅಂದು ಸಂಜೆ ಅವನು ಕೊಟ್ಟ ಮೊದಲ ಏಟಿಗೇ ಅವಳ ಎಡಗಿವಿಯ ತಮಟೆ ಹರಿಯಿತು.

ಇದನ್ನೆಲ್ಲ ಮೆಹರುನ್ನೀಸಾ ಬಲ್ಲಳೇ? ಅವಳು ಓಡಿಬಂದು ಪಟಾಲಮ್ಮನ ಎರಡೂ ಕೈ ಹಿಡಿದುಕೊಂಡಳು. "ಅಮ್ಮಾ, ನೀವೇ ನನ್ನ ಮಷೀನು," ಎಂದಳು. ನಿಮ್ಮಷ್ಟು ಹದವಾಗಿ ಯಾರೂ ಎಣಿಸಿದ್ದನ್ನು ನೋಡಿಲ್ಲ, ಅವರ ಹೆಜ್ಜೆ ತಡೆದಾಗ ನೀವೂ ತಡೆಯುತ್ತೀರಿ, ತಿರುವಿನಲ್ಲಿ ನಿಧಾನ ಮಾಡುತ್ತೀರಿ, ಇದನ್ನು ಕಲಿಸಲು ನನಗೆ ವರ್ಷ ಬೇಕು ಎಂದಳು. ಅವಳ ಧ್ವನಿಯನ್ನು ಫೋನಿನಲ್ಲಿ ಹಿಡಿದೂ ನೋಡಿದರು. ಫೋನಿನ ಪಟಾಲಮ್ಮ ಯಾರಿಗೂ ಕಾಯುವವಳಲ್ಲ. ಅವಳು ಹತ್ತು ಎನ್ನುವಾಗ ರಾಮಾಂಜಿನಪ್ಪ ನಾಲ್ಕರಲ್ಲೇ ನಿಂತಿರುತ್ತಿದ್ದ. ಎದುರಿಗೆ ನಿಂತವಳೇ ಬೇಕಾಯಿತು.

ಐವತ್ತೆಂಟು ವರ್ಷದಲ್ಲಿ ಪಟಾಲಮ್ಮನ ಕೆಲಸವನ್ನು ಹೊಗಳಿದವಳು ಇವಳೊಬ್ಬಳೇ. ಆ ಹೊಗಳಿಕೆ ತಲೆಗೇರಿತು, ಯಾಕೆ ಸುಳ್ಳು ಹೇಳಬೇಕು. ಬೆಳಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ, ಅವಳೇ ಅವನ ಕಿವಿ ಒರೆಸಿ, ಕ್ಲಿಪ್ಪು ಸಿಕ್ಕಿಸಿ, ಗುಂಡಿ ತಿರುಗಿಸಿ, ಎದುರು ನಿಂತು ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಎಣಿಸಿದಳು. ಹೊಸ್ತಿಲ ದೂರ ಹೋಗಿ ಒಂದು ಮೊಳದ ದೂರವಾಯಿತು. ಹೆದರಿಕೆ ಇರಲಿಲ್ಲವೇ ಎಂದರೆ ಇತ್ತು. ಆದರೆ ಅವಳೊಂದು ಲೆಕ್ಕ ಹಾಕಿದ್ದಳು: ನನ್ನ ಬಾಯಿಲ್ಲದೆ ಇವನ ಕಾಲು ಏಳುವುದಿಲ್ಲ, ಕಾಲು ನಡೆಸುವ ಬಾಯಿಗೆ ಯಾರಾದರೂ ಹೊಡೆಯುತ್ತಾರೆಯೇ? ಪಾಪ, ಇಷ್ಟು ವರ್ಷ ಏಟು ತಿಂದೂ ಅವಳಿಗೆ ಗಂಡ ಅರ್ಥವಾಗಿರಲಿಲ್ಲ.

ನಾಲ್ಕನೆಯ ವಾರದ ಕೊನೆಗೆ ಅವನು ನಲವತ್ತು ಹೆಜ್ಜೆ ನಿಲ್ಲದೆ ನಡೆದ. ಮೆಹರುನ್ನೀಸಾ ಕಾಗದದಲ್ಲಿ ಬರೆದುಕೊಂಡು ಖುಷಿಪಟ್ಟಳು. ಅಲ್ಲಿ ಸರದಿಗೆ ಕುಳಿತಿದ್ದ ಅಂಜನಮೂರ್ತಿ ಅವರ ಊರಿನವನೇ, ಬಾಯಿ ಹಗುರ. ಏನ್ ರಾಮಾಂಜಿನಪ್ಪ, ಕಣದಿಂದ ಇಲ್ಲೀವರೆಗೂ ಹೆಂಡ್ತಿ ಎಣಿಸಿದಂಗೇ ಬಂದ್ಯಾ ಎಂದು ನಗೆಯಾಡಿದ. ಇದ್ದವರೆಲ್ಲ ನಕ್ಕರು. ಮೆಹರುನ್ನೀಸಾಳೂ ನಕ್ಕಳು. ರಾಮಾಂಜಿನಪ್ಪ ನಗಲಿಲ್ಲ. ಆ ಕಾಯಿಲೆಯಲ್ಲಿ ಮುಖದ ಮೇಲೆ ಏನೂ ಕಾಣುವುದಿಲ್ಲವಲ್ಲ, ಪಟಾಲಮ್ಮನಿಗೂ ಕಾಣಲಿಲ್ಲ.

ಮರುದಿನ ಬೆಳಗ್ಗೆ ಮಾತ್ರೆ ನುಂಗಿ ಒಂದು ಗಂಟೆಯಾಗಿತ್ತು, ಅವನ ಕೈಕಾಲು ಹದಕ್ಕೆ ಬರುವ ಹೊತ್ತು. ಪಟಾಲಮ್ಮ ಒಲೆಯ ಕಡೆ ಮುಖ ಮಾಡಿ ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಿದ್ದಳು. ಸಾಸಿವೆ ಸಿಡಿಯುವ ಸದ್ದಿನ ನಡುವೆ ಬಲಗಿವಿಗೆ ಏನೋ ಕೇಳಿಸಿತು. ಯಾರೋ ಮೆಲ್ಲಗೆ, ಹಲ್ಲು ಕಚ್ಚಿ, "ಲಾಭ... ಎರಡು... ಮೂರು..." ಎನ್ನುತ್ತಿದ್ದರು. ಅವಳದೇ ಎಣಿಕೆ, ಅವನ ಬಾಯಲ್ಲಿ. ಹಜಾರದಿಂದ ಒಲೆಗೆ ಐದೇ ಹೆಜ್ಜೆ. ಅವಳು ತಿರುಗುವಷ್ಟರಲ್ಲಿ ಅವನ ಬಲಗಾಲು ಹೊಸ್ತಿಲು ದಾಟಿಬಿಟ್ಟಿತ್ತು.

ಮೊದಲು ತುರುಬು ಹಿಡಿದ. ನಡುಗುವ ಕೈಯೇ ಇರಬಹುದು, ಹಿಡಿದ ಮೇಲೆ ಬಿಡುವುದು ಆ ಕೈಗೆ ಬರುತ್ತಿರಲಿಲ್ಲ. ಅವಳ ಮುಖವನ್ನು ಗ್ರಾನೈಟಿನ ಅಂಚಿಗೆ ಬಡಿದ. ಮತ್ತೊಮ್ಮೆ ಬಡಿದ. ತುಟಿ ಒಡೆದು ಬಾಯಿ ತುಂಬ ರಕ್ತವಾಯಿತು, ಒಂದು ಹಲ್ಲು ನಾಲಿಗೆಯ ಮೇಲೆ ಬಂದು ಕುಳಿತಿತು. ಅವಳು ಕೆಳಗೆ ಕುಸಿದಾಗ ಅವನು ಒಲೆಯ ಪಕ್ಕದಲ್ಲಿದ್ದ ಸೌಟನ್ನು ತೆಗೆದುಕೊಂಡು ಬೆನ್ನಿಗೆ, ಕತ್ತಿಗೆ, ಬಲಗಿವಿಯ ಹಿಂದಕ್ಕೆ ಬಾರಿಸಿದ. ಒಗ್ಗರಣೆಯ ಬಾಣಲೆ ಉರುಳಿ ಬಿಸಿ ಎಣ್ಣೆ ಅವಳ ಮೊಣಕಾಲಿನ ಮೇಲೆ ಚೆಲ್ಲಿತು. ಬಲಗಿವಿ ಹೋದರೆ ಪೂರ್ತಿ ಕಿವುಡಾಗುತ್ತೇನೆ ಎಂಬುದೊಂದೇ ಅವಳ ತಲೆಯಲ್ಲಿ ಇದ್ದದ್ದು. ಕಿವಿಯನ್ನು ನೆಲಕ್ಕೆ ಒತ್ತಿ ಮಲಗಿಬಿಟ್ಟಳು. ಮಹಡಿಯ ಮೇಲೆ ಟೀವಿಯಲ್ಲಿ ಯಾರೋ ಜ್ಯೋತಿಷ್ಯ ಹೇಳುತ್ತಿದ್ದರು, ಆ ಸದ್ದು ಇನ್ನಷ್ಟು ಜೋರಾಯಿತು.

ಹೊಡೆದು ದಣಿದ ಮೇಲೆ ಅವನು ವಾಪಸು ಹೋಗಲಾರದೆ ಅಲ್ಲೇ ನಿಂತ. ಹೋಗುವಾಗ ಎಣಿಸಲು ಬಾಯಿ ಬರಲಿಲ್ಲ, ಕಾಲು ಕಚ್ಚಿಕೊಂಡಿತು. ಪಟಾಲಮ್ಮ ಅವನ ಕಾಲ ಬಳಿ ನೆಲ ಒರೆಸಿದಳು. ಸಂಜೆ ಅವನು ಕುರ್ಚಿಯಲ್ಲಿ ಕುಳಿತು, ಏನೂ ಆಗಿಲ್ಲವೆಂಬಂತೆ ಎಡಗಿವಿಯನ್ನು ಒಡ್ಡಿದ. ಹೇಳು ಎಂದ. ಅವಳು ಕ್ಲಿಪ್ಪು ಸಿಕ್ಕಿಸಿ ಗುಂಡಿಯನ್ನು ಒಂದೇ ಸಲಕ್ಕೆ ಕೊನೆಯವರೆಗೆ ತಿರುಗಿಸಿದಳು. ಅವನ ಕಿವಿ ಸುಟ್ಟುಹೋಗಲಿ, ತಲೆಯೊಳಗಿನದೆಲ್ಲ ಹುರಿದುಹೋಗಲಿ ಎಂದೇ ತಿರುಗಿಸಿದಳು. ಯಂತ್ರ ಎರಡು ಸಲ ಕೂಗಿ ತಾನೇ ಆರಿಹೋಯಿತು. ಇಂಥ ಹೆಂಡತಿಯರು ಇರುತ್ತಾರೆಂದು ಅದನ್ನು ಮಾಡಿದವರಿಗೆ ಗೊತ್ತಿತ್ತೋ ಏನೋ. ಅವಳು ಮತ್ತೆ ಹಾಕಿ, ಒಡೆದ ತುಟಿಯಲ್ಲೇ ಲಾಭ ಎಂದಳು.

ಎರಡು ದಿನದ ಮೇಲೆ ಹಲಸೂರಿನಲ್ಲಿ ಅವಳು ಬಚ್ಚಲಲ್ಲಿ ಜಾರಿಬಿದ್ದೆ ಎಂದಾಗ ಮೆಹರುನ್ನೀಸಾ ಅವಳನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು. "ಅಮ್ಮಾ, ದಿನಾ ಬಿದ್ದೋರನ್ನೇ ನೋಡೋದು ನಾನು. ಬಿದ್ರೆ ಕತ್ತಿನ ಹಿಂದೆ ಹಿಂಗೆ ಬಾಸುಂಡೆ ಏಳಲ್ಲ." ಪಟಾಲಮ್ಮ ಸೆರಗನ್ನು ಕತ್ತಿನ ಮೇಲೆ ಎಳೆದುಕೊಂಡಳು. ಚಿಕಿತ್ಸೆ ಇಲ್ಲಿಗೇ ನಿಲ್ಲಿಸುತ್ತೇನೆ, ಬೇಕಾದರೆ ಪೊಲೀಸರಿಗೂ ಹೇಳೋಣ, ನಿಮ್ಮ ಜೊತೆ ನಾನೇ ಬರುತ್ತೇನೆ ಎಂದಳು ಆ ಹುಡುಗಿ. ಪಟಾಲಮ್ಮನಿಗೆ ಅಳು ಬಂತು, ಆದರೆ ಬೇಡವೆಂದಳು. ಇನ್ನೆರಡೇ ವಾರ ಉಳಿದಿರುವುದು, ಕೆಲಸ ಅರ್ಧಕ್ಕೆ ಬಿಡಬಾರದು ಎಂದಳು. ಏನು ಹುಚ್ಚೋ ಅದು. ತಾನು ಚೆನ್ನಾಗಿ ಮಾಡಿದ ಒಂದೇ ಒಂದು ಕೆಲಸವನ್ನೂ ಅವನ ಕೈ ಕಿತ್ತುಕೊಳ್ಳುವುದು ಅವಳಿಗೆ ಬೇಕಿರಲಿಲ್ಲ.

ಮಗನಿಗೂ ಅಂದು ಹೇಳಿದಳು, ಮದುವೆಯಾದ ಮೇಲೆ ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದಳು. ಶ್ರೀನಾಥ ಕಾರಿನ ಕನ್ನಡಿಯಲ್ಲಿ ನೋಡಿ, ಆ ಮಾತ್ರೆಗಳಿಗೆ ಸಿಟ್ಟು ಜಾಸ್ತಿಯಾಗುತ್ತದಂತೆ ಅಮ್ಮ, ಇಂಟರ್ನೆಟ್ಟಿನಲ್ಲಿ ಓದಿದ್ದೇನೆ ಎಂದ. ಮಾತ್ರೆ ಶುರುವಾಗಿ ಏಳು ವರ್ಷ. ಅದಕ್ಕೆ ಮುಂಚಿನ ಮೂವತ್ಮೂರು ವರ್ಷ ಯಾವ ಮಾತ್ರೆ ನುಂಗಿ ಹೊಡೆದನೆಂದು ಅವಳು ಕೇಳಲಿಲ್ಲ. ಇವನೂ ಅಷ್ಟೇ ಎಂದುಕೊಂಡು ಕಿಟಕಿಯ ಕಡೆ ತಿರುಗಿದಳು.

ಕೊನೆಯ ದಿನ ಬಂತು. ಮಧ್ಯಾಹ್ನ ಹನ್ನೆರಡರ ಬಿಸಿಲು. ರಾಮಾಂಜಿನಪ್ಪ ಅಂದು ಒಳಗೆ ನೂರು ಹೆಜ್ಜೆ ನಡೆದಿದ್ದ, ಮೂರು ಬಾಗಿಲು ದಾಟಿದ್ದ, ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಹೊರಗೆ ಬಂದರೆ ಕಾರಿಲ್ಲ. ಪೊಲೀಸರು ನಿಲ್ಲಿಸಲು ಬಿಡುತ್ತಿಲ್ಲ, ರಸ್ತೆಯ ಆ ಕಡೆ ಇದ್ದೇನೆ, ಸುತ್ತಿ ಬರಲು ಇಪ್ಪತ್ತು ನಿಮಿಷವಾಗುತ್ತದೆ ಎಂದು ಶ್ರೀನಾಥ ಫೋನು ಮಾಡಿದ. ಕಾಯೋಣ ಎಂದಳು ಪಟಾಲಮ್ಮ. ನೂರು ಹೆಜ್ಜೆ ನಡೆದವನು ಕಾಯುತ್ತಾನೆಯೇ? ಏನು ಈ ರಸ್ತೆ ದಾಟಕ್ಕಾಗಲ್ವಾ ನಂಗೆ ಎಂದು ಕೋಲೂರಿ ಇಳಿದೇಬಿಟ್ಟ. ಹಳೇ ಮದ್ರಾಸ್ ರಸ್ತೆ ಅದು, ಯಾರಪ್ಪನ ಮಾತೂ ಕೇಳುವ ರಸ್ತೆಯಲ್ಲ. ಅವಳು ಓಡಿ ಅವನ ಮುಂದೆ ಬಂದು, ವಾಹನಗಳಿಗೆ ಕೈ ಅಡ್ಡ ಹಿಡಿದು, ಗದ್ದಲದಲ್ಲಿ ಅವನಿಗೆ ಕೇಳಿಸಲೆಂದು ಗಟ್ಟಿಯಾಗಿ ಎಣಿಸಿದಳು. ಲಾಭ, ಎರಡು, ಮೂರು, ನಾಲ್ಕು. ಅವನು ಬಂದ. ಒಂದು ಬಸ್ಸು ನಿಂತು ದಾರಿ ಬಿಟ್ಟಿತು.

ಆ ಬದಿಯ ಆಟೋ ಸ್ಟ್ಯಾಂಡಿನಲ್ಲಿ ನಿಂತಿದ್ದವರಿಗೆ ಇದು ತಮಾಷೆಯಾಯಿತು. ಒಬ್ಬ ಅವಳ ಜೊತೆಗೇ ರಾಗವಾಗಿ ಐದು, ಆರು ಎಂದ. ಇನ್ನೊಬ್ಬ ಸಿಳ್ಳೆ ಹಾಕಿದ. ರಾಮಾಂಜಿನಪ್ಪ ರಸ್ತೆಯ ನಡುವೆ, ಡಿವೈಡರಿನ ನಡುಗಟ್ಟೆಗೆ ಮೂರೇ ಹೆಜ್ಜೆ ಇರುವಾಗ, ಕೋಲನ್ನು ಎತ್ತಿ ಅವಳ ದವಡೆಗೆ ಬೀಸಿದ. ಒಡೆದಿದ್ದ ತುಟಿ ಮತ್ತೆ ಒಡೆಯಿತು.

"ಬಾಯ್ಮುಚ್ಚೇ," ಎಂದ.

ಪಟಾಲಮ್ಮ ಬಾಯಿ ಮುಚ್ಚಿದಳು. ಮೂರು ಹೆಜ್ಜೆ ಹಿಂದಕ್ಕೆ ಇಟ್ಟು ನಡುಗಟ್ಟೆ ಹತ್ತಿ ನಿಂತಳು.

ಅವನ ಕಾಲು ಕಚ್ಚಿಕೊಂಡಿತು. ಬಸ್ಸು ಹೋಯಿತು, ಅದರ ಹಿಂದೆ ತಡೆದಿದ್ದ ಬೈಕುಗಳೆಲ್ಲ ಬಿಟ್ಟವು, ಎಡಕ್ಕೂ ಬಲಕ್ಕೂ ಅವನನ್ನು ಉಜ್ಜಿಕೊಂಡು ಹರಿದವು. ಒಂದು ಬೈಕಿನ ಹ್ಯಾಂಡಲ್ಲು ಕೋಲಿಗೆ ತಗುಲಿ ಕೋಲು ಹಾರಿಹೋಯಿತು. ಅವನು ತಾನೇ ಎಣಿಸಲು ನೋಡಿದ. "ಲಾಭ," ಎಂದ. "ಲಾಭ... ಲಾಭ..." ಅದರ ಮುಂದೆ ಏನೆಂದು ಬಾಯಿಗೆ ಬರಲಿಲ್ಲ. ಹಾರನ್ನಿನ ಸದ್ದಿಗೆ ಅವನ ಕತ್ತಿನ ನರಗಳು ಎದ್ದು ನಿಂತಿದ್ದವು. ಅವಳ ಕಡೆ ನೋಡಿದ. ಆ ಮುಖದಲ್ಲಿ ಏಳು ವರ್ಷದಿಂದ ಏನೂ ಕಂಡಿರಲಿಲ್ಲ, ಈಗ ಕಂಡಿತು. ಹೇಳು ಎಂದ. ಹೇಳೇ ಎಂದ. ಆಮೇಲೆ, ಪಟಾಲಮ್ಮ ಎಂದು ಹೆಸರು ಹಿಡಿದು ಕರೆದ.

ಸಾಯಲಿ ಎಂದುಕೊಂಡಳು ಅವಳು. ಸುತ್ತಿ ಬಳಸಿ ಹೇಳುವುದೇನಿದೆ, ಹಾಗೆಯೇ ಅಂದುಕೊಂಡಳು. ಕೈ ಎತ್ತಬೇಕಿಲ್ಲ, ತಳ್ಳಬೇಕಿಲ್ಲ, ಅವನು ಹೇಳಿದಂತೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ನೀರಿನ ಕ್ಯಾನು ತುಂಬಿದ್ದ ಒಂದು ಗೂಡ್ಸ್ ಆಟೋ ಬೈಕುಗಳ ಹಿಂದಿನಿಂದ ನುಗ್ಗಿ ಬರುವುದನ್ನು ಅವನಿಗಿಂತ ಮೊದಲು ಅವಳು ಕಂಡಳು. ಎಣಿಸಿದ್ದರೆ ಮೂರು ಹೆಜ್ಜೆಗೆ ಸಮಯವಿತ್ತು. ಅವಳು ತುಟಿಯ ರಕ್ತವನ್ನು ಒಳಗೆ ಹೀರಿಕೊಂಡು ನೋಡುತ್ತಾ ನಿಂತಳು.

ಆಟೋ ಬ್ರೇಕು ಒತ್ತಿದರೂ ಅವನ ಸೊಂಟಕ್ಕೆ ಬಡಿಯಿತು. ಅವನು ಗಿರಕಿ ಹೊಡೆದು ಬಿದ್ದ. ಎಲುಬು ಮುರಿದ ಸದ್ದು ಅವಳ ಒಂದೇ ಕಿವಿಗೂ ಸ್ಪಷ್ಟವಾಗಿ ಕೇಳಿಸಿತು. ಕ್ಯಾನುಗಳು ಉರುಳಿ ಒಡೆದು ರಸ್ತೆಯ ತುಂಬ ನೀರಾಯಿತು. ಈಗಷ್ಟೇ ಸಿಳ್ಳೆ ಹಾಕಿದ್ದ ಮಂದಿಯೇ ಓಡಿಬಂದು, ಗೂಡ್ಸ್ ಆಟೋ ಓಡಿಸುತ್ತಿದ್ದ ಶಫಿ ಎಂಬುವನನ್ನು ಕಾಲರು ಹಿಡಿದು ಹೊರಗೆಳೆದರು, ಕಪಾಳಕ್ಕೆ, ಹೊಟ್ಟೆಗೆ ಇಕ್ಕಿದರು. ಅವನು ಕೈ ಮುಗಿಯುತ್ತಲೇ ಏಟು ತಿನ್ನುತ್ತಿದ್ದ. ಅದನ್ನು ಮಾತ್ರ ಪಟಾಲಮ್ಮನಿಗೆ ನೋಡಲಾಗಲಿಲ್ಲ. ನಡುಗಟ್ಟೆ ಇಳಿದು, ನಡುವೆ ನುಗ್ಗಿ, ಇವನದೇನೂ ತಪ್ಪಿಲ್ಲ ಬಿಡ್ರಪ್ಪಾ ಎಂದು ಅವನನ್ನು ಬೆನ್ನ ಹಿಂದಕ್ಕೆ ಎಳೆದುಕೊಂಡಳು. ಗಂಡ ಬಿದ್ದಿರುವಾಗ ಯಾರಿಗೋ ಅಡ್ಡ ನಿಂತ ಹೆಂಗಸನ್ನು ಜನ ವಿಚಿತ್ರವಾಗಿ ನೋಡಿದರು.

ರಾಮಾಂಜಿನಪ್ಪ ಸಾಯಲಿಲ್ಲ. ಸೊಂಟದ ಕೀಲಿನ ಬಳಿ ಎಲುಬು ಮುರಿದಿತ್ತು. ಆಪರೇಷನ್ ಮಾಡಿ ಕಬ್ಬಿಣ ಕೂಡಿಸಿದರು. ಶ್ರೀನಾಥ ಟ್ರಾಫಿಕ್ಕನ್ನು ಬೈದ, ಪೊಲೀಸರನ್ನು ಬೈದ, ತನ್ನನ್ನೂ ಬೈದುಕೊಂಡ. ರಾಮಾಂಜಿನಪ್ಪ ಯಾರ ಹತ್ತಿರವೂ ಏನೂ ಹೇಳಲಿಲ್ಲ. ಹೇಳಬೇಕಾದರೆ ನಡುರಸ್ತೆಯಲ್ಲಿ ಹೆಂಡತಿಯ ದವಡೆಗೆ ಬಾರಿಸಿದ್ದನ್ನೂ ಹೇಳಬೇಕು, ತನ್ನ ಕಾಲು ಅವಳ ಬಾಯಲ್ಲಿದೆ ಎನ್ನುವುದನ್ನೂ ಒಪ್ಪಬೇಕು. ಅಷ್ಟು ದೊಡ್ಡ ಮನಸ್ಸು ಅವನಿಗೆಲ್ಲಿಂದ ಬರಬೇಕು.

ಆರನೆಯ ದಿನ ಮೆಹರುನ್ನೀಸಾ ಆಸ್ಪತ್ರೆಗೆ ಬಂದಳು. ಪಟಾಲಮ್ಮನನ್ನು ಮೆಟ್ಟಿಲ ಬಳಿಗೆ ಕರೆದು, ಎಣಿಸುವುದು ಮರೆತುಹೋಯಿತಾ ಅಮ್ಮಾ ಎಂದು ಕೇಳಿದಳು. ಅದನ್ನು ಕೇಳಲೆಂದೇ ಆರು ದಿನ ನಿದ್ದೆಗೆಟ್ಟವಳಂತಿದ್ದಳು.

"ಇಲ್ಲ ಕಣಮ್ಮ. ನೆನಪಿತ್ತು."

ಮೆಹರುನ್ನೀಸಾಳ ಮುಖ ಬಿಳಿಚಿಕೊಂಡಿತು. ಆ ಕಾಲಿನ ಮೇಲೆ ಆರು ವಾರ ದುಡಿದವಳು ಅವಳು. ಸಿಟ್ಟು ಬಂತು, ಆ ಸಿಟ್ಟಿನಲ್ಲೇ ಪಟಾಲಮ್ಮನ ದವಡೆಯ ಹೊಸ ಗಾಯ ಕಣ್ಣಿಗೆ ಬಿತ್ತು. "ಅವತ್ತೇ ನಾನು ನಿಲ್ಲಿಸ್ಬೇಕಿತ್ತು," ಎಂದಳು. ಪಟಾಲಮ್ಮ ಅವಳ ಕೈ ಹಿಡಿದುಕೊಂಡು, ನಿನ್ನದೇನೂ ಇಲ್ಲಮ್ಮ ಇದರಲ್ಲಿ, ನೀನು ಕಲಿಸಿದ ಕೆಲಸ ಒಳ್ಳೆಯದೇ ಎಂದಳು.

ಇಬ್ಬರೂ ಒಳಗೆ ಬಂದರು. ಮೆಹರುನ್ನೀಸಾ ಮಂಚದ ಬಳಿ ನಿಂತು, ಡಾಕ್ಟರು ಒಪ್ಪಿದರೆ ಎರಡು ತಿಂಗಳ ಮೇಲೆ ಮತ್ತೆ ಕಿವಿಯ ಕರೆಂಟು, ನಡಿಗೆ ಎರಡನ್ನೂ ಮೊದಲಿಂದ ಶುರು ಮಾಡಬಹುದು, ಎಣಿಸಲು ಯಾರಾದರೂ ಬೇಕಾಗುತ್ತದೆ ಎಂದು ಶ್ರೀನಾಥನಿಗೆ ಹೇಳಿದಳು. ಮಲಗಿದ್ದ ರಾಮಾಂಜಿನಪ್ಪ ತಲೆ ಅಲ್ಲಾಡಿಸಿದ.

"ಅವಳು ಬೇಡ," ಎಂದ.

ಪಟಾಲಮ್ಮ ಮಂಚದ ಹತ್ತಿರಕ್ಕೆ ಹೋದಳು. ಅವನ ಬಲಗೈಗೆ ಸಲೀಸಾಗಿ ಸಿಗುವಷ್ಟು ಹತ್ತಿರ ಹೋಗಿ ಕುಳಿತಳು. ಶ್ರೀನಾಥನಿಗೂ ಮೆಹರುನ್ನೀಸಾಳಿಗೂ ಕೇಳಿಸುವ ಹಾಗೆಯೇ ಹೇಳಿದಳು.

"ನಾನೇ ಎಣಿಸ್ತೀನಿ. ಎದ್ದೇಳು, ಎಲ್ಲಿಗ್ ಬೇಕಾದ್ರೂ ನಡೆಸ್ಕೊಂಡ್ ಹೋಗ್ತೀನಿ. ಅಂಗ್ಡಿಗೆ, ದೇವಸ್ಥಾನಕ್ಕೆ, ಅದೇ ರಸ್ತೆ ದಾಟ್ಬೇಕಂದ್ರೂ ದಾಟಿಸ್ತೀನಿ. ನನ್ ಮೇಲೆ ಕೈ ಎತ್ತಿದ್ ದಿನ, ಎಲ್ಲಿದೀವೋ ಅಲ್ಲೇ ಬಾಯ್ ಮುಚ್ತೀನಿ."

ಶ್ರೀನಾಥ ಅಮ್ಮನನ್ನು ನೋಡಿದ, ಅಪ್ಪನನ್ನು ನೋಡಿದ, ನೆಲ ನೋಡಿದ. ಈ ಸಲ ಸದ್ದು ಜಾಸ್ತಿ ಮಾಡಲು ಅಲ್ಲಿ ಟೀವಿ ಇರಲಿಲ್ಲ. ಪಟಾಲಮ್ಮ ಉತ್ತರಕ್ಕೆ ಕಾದಳು, ಏಳಲಿಲ್ಲ. ಕೊನೆಗೆ ರಾಮಾಂಜಿನಪ್ಪ ಹೂಂ ಎಂದು, ನಡುಗುತ್ತಿದ್ದ ಬಲಗೈಯನ್ನು ಹೊದಿಕೆಯ ಒಳಗೆ ಎಳೆದುಕೊಂಡ.